ರುಚಿ ನೋಡದ ಅಡುಗೆ

ನಮ್ಮ ಅತ್ತೆ ರಾಧಾಬಾಯಿಯವರ ನಾಲಿಗೆಗೆ ರುಚಿ ಹೋಗಿ, ಮೂಗಿಗೆ ವಾಸನೆ ಹೋಗಿ ಮೂರು ವರ್ಷವಾಗಿತ್ತು. ನಮಗೆ ಗೊತ್ತಾದದ್ದು ಹೋದ ಜೂನಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಆ ಮೂರು ವರ್ಷವೂ ದಿನಕ್ಕೆ ಎರಡು ಹೊತ್ತು ನಾವು ಉಂಡದ್ದು ಅವರ ಕೈಯ ಅಡುಗೆಯನ್ನೇ. ಅದರ ಬಗ್ಗೆ ಒಂದು ದಿನವೂ ಯಾರಿಗೂ ಅನುಮಾನ ಬರಲಿಲ್ಲ. ಅವರು ನಮ್ಮಿಂದ ಮುಚ್ಚಿಟ್ಟದ್ದಕ್ಕೆ ಇದ್ದದ್ದು ಒಂದೇ ಕಾರಣ: ಹೇಳಿದರೆ ಒಲೆಯ ಮುಂದಿನ ಜಾಗ ಹೋಗುತ್ತದೆ. ಅರವತ್ನಾಲ್ಕು ವರ್ಷದ ಆ ಹೆಂಗಸಿಗೆ ಪುಣೆಯಲ್ಲಿ ತನ್ನದು ಅನ್ನುವಂಥದ್ದು ಆ ಜಾಗವೊಂದೇ.

ಅವರು ಧಾರವಾಡದ ಮಾಳಮಡ್ಡಿಯವರು. ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದರು. ಮಾವ ಬಿಂದುಮಾಧವ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರಂತೆ. ಅವರನ್ನು ನಾನು ನೋಡಿಲ್ಲ, ನಮ್ಮ ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡರು. ಹಳೆಯ ವಾಡೆಯೊಂದರಲ್ಲಿ ಒಂದೂವರೆ ಖೋಲಿ, ಆಮೇಲೆ ಕೋಥರೂಡದ ಈ ಎರಡನೇ ಮಹಡಿಯ ಮನೆ. ಛಾಪಖಾನೆ ವರ್ಷಕ್ಕೆ ಎರಡು ಸಲ ಮುಚ್ಚಿ ತೆರೆಯುತ್ತಿತ್ತಂತೆ. ಮುಚ್ಚಿದ ತಿಂಗಳಲ್ಲೂ ಮನೆಯಲ್ಲಿ ಯಾರೂ ಹಸಿದು ಮಲಗಲಿಲ್ಲ ಎನ್ನುವುದು ಅತ್ತೆ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಒಂದೇ ಮಾತು. ಅದನ್ನೂ ಹೆಮ್ಮೆಯಿಂದ ಹೇಳುತ್ತಿರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳುತ್ತಿದ್ದರು.

ನಾನು ಬೆಳಗಾವಿಯವಳು. ತವರಿನಲ್ಲಿ ಊಟಕ್ಕೆ ಲೆಕ್ಕವಿರಲಿಲ್ಲ ಎಂದಲ್ಲ, ಆದರೆ ಲೆಕ್ಕ ಹಾಕುವ ಕೆಲಸ ನನ್ನದಾಗಿರಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಹೀರೇಕಾಯಿ ಹೆರೆದು ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಿದೆ. ಅತ್ತೆ ಡಬ್ಬಿಯೊಳಗೆ ಇಣುಕಿ, "ನಿಮ್ಮ ಬೆಳಗಾವ್ಯಾಗ ಚಟ್ನಿ ದನಕ್ಕ ಹಾಕ್ತಾರೇನ?" ಅಂದರು.

"ಅದು ಸಿಪ್ಪಿ ಅತ್ಯಾ."

"ಸಿಪ್ಪಿ ಅಂತ ನೀ ಅಂತಿ. ಹುರದು, ಹುಣಸಿಹಣ್ಣು ಬೆಲ್ಲ ಹಾಕಿ ರುಬ್ಬಿದಮ್ಯಾಲ ನಿನ್ನ ಗಂಡ ಅದಕ್ಕೇ ಇನ್ನೊಂದ ಭಕ್ಕರಿ ಕೇಳ್ತಾನ."

ಕೇಳಿದರು ಕೂಡ.

ಆಮೇಲೆ ನಾನು ಕಲಿತೆ. ಕಲಿತದ್ದನ್ನು ಮಗಳು ಶರ್ವರಿಯ ಹಲ್ಲು, ಲಸಿಕೆ, ಮೊದಲ ಮಾತುಗಳನ್ನು ಬರೆದಿಡುವ ನನ್ನ ವಹಿಯಲ್ಲೇ ನಡುನಡುವೆ ಬರೆದುಕೊಂಡೆ. ನಾಲ್ಕು ಮಂದಿಗೆ ಒಂದು ಹಿಡಿ ತೊಗರಿಬೇಳೆ. ಅದಕ್ಕೆ ನೀರು ಕೈಬಿಚ್ಚಿ ಹಾಕಿ ಬೇಯಿಸುವುದು. ಮೇಲಿನ ತಿಳಿ ಬಸಿದರೆ ಮಧ್ಯಾಹ್ನದ ಕಟ್ಟಿನ ಸಾರು, ತಳದ ಗಟ್ಟಿ ಬೇಳೆಗೆ ಯಾವುದಾದರೂ ಕಾಯಿಯೋ ಸೊಪ್ಪೋ ಬಿದ್ದರೆ ರಾತ್ರಿಯ ತೊವ್ವೆ. ಕೊತ್ತಂಬರಿಯ ದಂಟು ಸಾರಿಗೆ, ಎಲೆ ಕೋಸಂಬರಿಗೆ. ಕಲ್ಲಂಗಡಿ ತಿಂದ ದಿನ ಅದರ ಬಿಳಿ ಭಾಗದ ಹುಳಿ. ತರಕಾರಿಯೇ ಇಲ್ಲದ ದಿನ ಮೆಂತ್ಯದ ಹಿಟ್ಟು ಮೊಸರಿಗೆ ಕಲಸಿ ಒಗ್ಗರಣೆ. ಇದರಲ್ಲಿ ಯಾವುದೂ ಬಡವರ ಊಟ ಅನ್ನಿಸದ ಹಾಗೆ ಬಡಿಸುವುದು ಮಾತ್ರ ನನಗೆ ಇವತ್ತಿಗೂ ಬಂದಿಲ್ಲ. ನನ್ನ ಗಂಡ ಓಂಕಾರ್ ದುಡಿಯುವ ಕಾರ್ಖಾನೆ ನಿಗಡಿಯಲ್ಲಿದೆ. ಹೋದ ವರ್ಷ ಒಂದು ಪಾಳಿ ನಿಲ್ಲಿಸಿ ಅರ್ಧ ಪಗಾರ ಮಾಡಿದಾಗ ನಾನು ಚಷ್ಮಾ ಅಂಗಡಿಯ ಕೌಂಟರಿಗೆ ಸೇರಿದೆ, ಹತ್ತರಿಂದ ಐದು. ಆ ಏಳು ತಾಸು ಮನೆ, ಒಲೆ, ಬಾಲವಾಡಿಯಿಂದ ಹನ್ನೆರಡೂವರೆಗೆ ಬರುವ ಶರ್ವರಿ, ಎಲ್ಲ ಅತ್ತೆಯದೇ.

ಅತ್ತೆ ಅಡುಗೆ ಮಾಡುವಾಗ ಒಂದು ಹನಿಯನ್ನೂ ಬಾಯಿಗೆ ಹಾಕಿ ನೋಡುವುದಿಲ್ಲ. ಒಲೆ ಏರಿದ್ದು ಮೊದಲು ದೇವರಿಗೆ. ನೈವೇದ್ಯವಾಗುವ ತನಕ ಅದು ಯಾರ ನಾಲಿಗೆಗೂ ತಾಗುವಂತಿಲ್ಲ, ಮೂಸಿ ನೋಡುವಂತೆಯೂ ಇಲ್ಲ. ಉಪ್ಪು ಕೈಯ ಅಳತೆ, ಹುಳಿ ಕಣ್ಣಿನ ಅಳತೆ. ನಮ್ಮಂಥ ಮನೆಗಳಲ್ಲಿ ಇದು ಹೊಸದೇನಲ್ಲ, ನನ್ನ ಅಜ್ಜಿಯೂ ಹೀಗೇ ಮಾಡುತ್ತಿದ್ದರು. ಹಾಗಾಗಿ ಅತ್ತೆ ರುಚಿ ನೋಡುತ್ತಿಲ್ಲ ಎನ್ನುವುದು ನಮ್ಮ ಕಣ್ಣಿಗೆ ಬೀಳುವ ಸಂಗತಿಯೇ ಆಗಿರಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಮನೆಯವರಿಗೆಲ್ಲ ಜ್ವರ ಬಂದು ಹೋಯಿತು. ದೊಡ್ಡವರು ಮೂವರ ರುಚಿಯೂ ಹೋಗಿತ್ತು. ಹದಿನೈದು ದಿನಕ್ಕೆ ನನಗೆ ಚಹಾ ಚಹಾದ ಹಾಗೆ ಹತ್ತಿತು, ಓಂಕಾರರಿಗೂ ತಿಂಗಳೊಳಗೆ ಸರಿಯಾಯಿತು. "ನಿಮಗ ಬಂತೇನ್ರಿ ಅತ್ಯಾ?" ಎಂದು ಕೇಳಿದೆ. "ಬಂತ ಬಂತ" ಅಂದರು, ಪಲ್ಯದ ಕಡೆ ತಿರುಗಿ. ಅಷ್ಟರಲ್ಲೇ ಮುಗಿಯಿತು.

ಈಗ ಹಿಂದಿರುಗಿ ನೋಡಿದರೆ ನೆನಪಾಗುವುದು ಬಹಳ ಇದೆ. ಶರ್ವರಿಗೆ ಬಡಿಸಿ ಎದುರು ಕುಕ್ಕುರುಗಾಲಿನಲ್ಲಿ ಕೂತು, "ಹೇಳ ಬಂಗಾರ, ಸಾರು ಹೆಂಗದ?" ಎಂದು ದಿನವೂ ಕೇಳುತ್ತಿದ್ದರು. "ಉಪ್ಪು ಬೇಕು ಅಜ್ಜಿ" ಅಂದರೆ ಸಾರಿಗೆ ಒಂದು ಚಿಟಿಕೆ ಬೀಳುತ್ತಿತ್ತು. "ಆತ ತಗೋ, ನಮ್ಮ ಮನಿ ಪರೀಕ್ಷಾಧಿಕಾರಿ" ಎಂದು ಓಂಕಾರ್ ನಗುತ್ತಿದ್ದರು. ಮಗು ಎರಡು ವರ್ಷದ್ದಾಗಿದ್ದಾಗಿನಿಂದ ನಮ್ಮ ಮನೆಯ ನಾಲಿಗೆ ಅದೇ ಎನ್ನುವುದು ನಮಗೆ ತಿಳಿಯಲಿಲ್ಲ.

ಒಮ್ಮೆ ನಾನು ಅಂಗಡಿಯಿಂದ ಬಂದು ಬಾಗಿಲು ತೆರೆದರೆ ಗ್ಯಾಸಿನ ವಾಸನೆ ಹೊರಗಿನ ಕೋಣೆಯ ತನಕ ಬಂದಿತ್ತು. ಹಾಲು ಉಕ್ಕಿ ಒಲೆ ಆರಿಹೋಗಿದೆ, ಗುಂಡಿ ತಿರುಗಿದ ಹಾಗೇ ಇದೆ. ಅತ್ತೆ ನಾಲ್ಕು ಹೆಜ್ಜೆ ಆಚೆ, ಬಾಲ್ಕನಿಯ ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಾರೆ. "ಅತ್ಯಾ, ಗ್ಯಾಸ್!" ಎಂದು ಕಿರುಚಿದೆ. ಗುಂಡಿ ತಿರುಗಿಸಿ ಕಿಟಕಿ ತೆಗೆದೆ. ಅವರ ಮುಖ ಬಿಳಚಿತ್ತು. "ನೆಗಡಿ ಆಗೇದವಾ, ಮೂಗು ಕಟ್ಟೇದ" ಅಂದರು. ಅವತ್ತು ಊರಿಗೆಲ್ಲ ನೆಗಡಿ. ನಂಬಿದೆ.

ಜೂನಿನ ಆ ಭಾನುವಾರದ ಹಿಂದಿನ ಸಂಜೆ ಅತ್ತೆ ಎಂದಿನಂತೆ ಸಂತೆ ಮುಗಿಯುವ ಹೊತ್ತಿಗೆ ತರಕಾರಿ ಮಾರುವ ಭಾಜಿಯವರ ಹತ್ತಿರ ಹೋದರು. ಗಾಡಿ ಖಾಲಿ ಮಾಡುವ ಅವಸರದಲ್ಲಿದ್ದ ಹೆಂಗಸು ನಾಲ್ಕು ಹೀರೇಕಾಯಿಯನ್ನು ಚೀಲಕ್ಕೆ ತುರುಕಿ, "ಘೇವೂನ ಟಾಕಾ ಕಾಕೂ, ಶೇವಟಚಂ ಆಹೆ" ಎಂದು ಅರ್ಧ ಬೆಲೆಗೆ ಕೊಟ್ಟಳಂತೆ. ತಗೊಂಡುಬಿಡಿ, ಇದೇ ಕೊನೆಯದು. ನಾಲ್ಕೂ ಎಳೆಯವಲ್ಲ, ಒಂದು ಸ್ವಲ್ಪ ಸೊಟ್ಟ. ಅತ್ತೆಗೆ ಖುಷಿಯಾಗಿತ್ತು. "ಒಂದ ಹೊತ್ತು ತೊವ್ವಿ, ಒಂದ ಹೊತ್ತು ಪಲ್ಯ, ಸಿಪ್ಪಿದು ಚಟ್ನಿ. ಮೂರ ಹೊತ್ತು ಆತು" ಅಂದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೆಚ್ಚಲು ಕೂತೆವು. ಹೀರೇಕಾಯಿ, ಸೌತೇಕಾಯಿ ಹೆಚ್ಚುವಾಗ ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಬೇಕು, ಕಹಿ ಇದ್ದರೆ ಆ ಕಾಯಿ ಬಿಸಾಡಬೇಕು. ಬಿಸಾಡು ಎಂದು ಅತ್ತೆ ನನಗೆ ಕಲಿಸಿದ್ದು ಇದೊಂದನ್ನೇ. ಒಲೆ ಏರದ ಕಾಯಿಗೆ ಮಡಿಯ ಅಡ್ಡಿಯೂ ಇಲ್ಲ. ಅತ್ತೆ ನಾಲ್ಕರ ತುದಿಯನ್ನೂ ಒಂದೊಂದಾಗಿ ಬಾಯಿಗಿಟ್ಟು, ಸಿಪ್ಪೆಯ ತಟ್ಟೆಗೆ ಉಗುಳಿ, "ಛಲೋ ಅವ" ಅಂದರು. ನಾನು ಪಕ್ಕದಲ್ಲೇ ಇದ್ದೆ. ನಲವತ್ತೈದು ವರ್ಷದಿಂದ ನೋಡುತ್ತಿರುವವರು ನೋಡಿದ ಮೇಲೆ ನಾನೇಕೆ ನೋಡಲಿ?

ಓಂಕಾರ್ ಸ್ವಾರಗೇಟದ ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಧಾರವಾಡದ ಬಸ್ಸಿನಲ್ಲಿ ಅವರ ಸೋದರಮಾವ ಅರ್ಧ ಚೀಲ ಜೋಳ ಹಾಕಿದ್ದರು. ಇಲ್ಲಿನ ಬೆಲೆಗೆ ಕೊಳ್ಳುವುದಕ್ಕಿಂತ ಬಸ್ಸಿನ ಕಂಡಕ್ಟರಿಗೆ ಚಹಾಕ್ಕೆ ಕೊಡುವುದು ಅಗ್ಗ. ಹನ್ನೆರಡೂವರೆಗೆ ಅತ್ತೆ ನೈವೇದ್ಯ ಮಾಡಿದರು. ಶರ್ವರಿಗೆ ಹಸಿವಾಗಿತ್ತು, ಅವಳಿಗೆ ಮೊದಲು ಬಡಿಸಿದರು. ಅನ್ನ, ಹೀರೇಕಾಯಿ ತೊವ್ವೆ, ಮೇಲೆ ಅರ್ಧ ಚಮಚ ತುಪ್ಪ.

ಆ ವಾರ ಶರ್ವರಿಯದು ಬೇರೆಯೇ ರಾಗವಿತ್ತು. ಬಾಲವಾಡಿಯಲ್ಲಿ ಯಾರದೋ ಡಬ್ಬಿಯಲ್ಲಿ ನೂಡಲ್ಸ್ ನೋಡಿ ಬಂದಿದ್ದಳು. ಅಂದಿನಿಂದ ಮನೆಯದೆಲ್ಲ ಅವಳಿಗೆ ಮರಾಠಿಯ 'ಕಡೂ', ಅಂದರೆ ಕಹಿ. ಭಕ್ಕರಿ ಕಡೂ, ಹಾಲು ಕಡೂ, ಒಂದು ದಿನ ಬೆಲ್ಲವನ್ನೂ ಕಡೂ ಅಂದಳು.

ಒಂದು ತುತ್ತು ಬಾಯಿಗಿಟ್ಟವಳೇ, "ಕಡೂ ಆಹೆ" ಅಂದಳು.

"ಸುರು ಆತ ನೋಡ್ರಿ ಅತ್ಯಾ ಇಕೀದು" ಅಂದೆ ನಾನು. ನನ್ನ ಕೈಯಲ್ಲಿ ಒಗೆದ ಬಟ್ಟೆಗಳಿದ್ದವು, ಮಳೆ ಬರುವ ಮೊದಲು ಒಳಗಿನ ಹಗ್ಗಕ್ಕೆ ಹಾಕುತ್ತಿದ್ದೆ.

"ಖರೇನ ಕಹಿ ಅದ ಅಮ್ಮಾ."

ಅತ್ತೆ ಎಂದಿನಂತೆ ಅವಳ ಎದುರು ಕೂತಿದ್ದರು. ಸೌಟು ಹಿಡಿದ ಕೈ ಗಾಳಿಯಲ್ಲಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಪಾತ್ರೆಯನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ, "ಇಲ್ಲ ಕೂಸ, ಕಾಯಿ ನೋಡೇ ಹಾಕೀನಿ" ಅಂದರು. ದನಿ ಸಣ್ಣಗಿತ್ತು.

ನಾನು ನಿಂತಲ್ಲಿಂದಲೇ ಗದರಿದೆ. "ಶರ್ವರಿ, ನಾಟಕ ಸಾಕು. ತಾಟಿನಾಗ ಒಂದ ಅಗಳು ಬಿಟ್ಟಿ ಅಂದ್ರ ನೋಡು."

ಅವಳು ತಿಂದಳು. ನೀರು ಕುಡಿಯುತ್ತ, ಅಳುತ್ತ, ಪೂರ್ತಿ ತಿಂದಳು. ನಮ್ಮ ಮನೆಯ ಮಗು. ತಾಟು ಖಾಲಿ ಮಾಡದೆ ಏಳಬಾರದು ಎಂದು ಅವಳಿಗೆ ಗೊತ್ತು.

ಅವಳನ್ನು ಮಲಗಿಸಿ ನಾನು, ಅತ್ತೆ ಊಟಕ್ಕೆ ಕೂತೆವು. ನಾನು ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಕಹಿ ಎಂದರೆ ಹಾಗಲಕಾಯಿಯ ಕಹಿಯಲ್ಲ. ಗಂಟಲು ಹಿಡಿಯುವ, ನಾಲಿಗೆ ಸುಡುವ ಕಹಿ. ತಾಟಿಗೇ ಉಗುಳಿದೆ. ತಲೆಯೆತ್ತಿ ನೋಡಿದರೆ ಅತ್ತೆ ತಮ್ಮ ಪಾಡಿಗೆ ಉಣ್ಣುತ್ತಿದ್ದಾರೆ. ಅರ್ಧ ಅನ್ನ ಮುಗಿದಿದೆ. ಅದೇ ತೊವ್ವೆಯನ್ನು ಇನ್ನೊಂದು ಸೌಟು ಹಾಕಿಕೊಳ್ಳಲು ಪಾತ್ರೆ ಎಳೆದುಕೊಂಡಿದ್ದಾರೆ.

"ಅತ್ಯಾ" ಅಂದೆ.

ನನ್ನ ತಾಟಿನಲ್ಲಿ ಉಗುಳಿದ ತುತ್ತನ್ನು ಅವರು ನೋಡಿದರು. ಸೌಟನ್ನು ಮೆಲ್ಲಗೆ ಪಾತ್ರೆಗೆ ಬಿಟ್ಟರು. ಅಷ್ಟರಲ್ಲಿ ಒಳಗೆ ಶರ್ವರಿ ವಾಂತಿ ಮಾಡಿದಳು.

ಮೂರು ಸಲ, ನಾಲ್ಕು ಸಲ, ಆಮೇಲೆ ಎಣಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುಡಿದಳು, ತುಟಿ ಒಣಗಿತು, ಕರೆದರೆ ಓಗೊಡುವುದು ನಿಧಾನವಾಯಿತು. ಮೇಲೆ ಒಂದು ದುಪಟ್ಟಾ ಹೊದಿಸಿ ರಿಕ್ಷಾ ಹಿಡಿದೆ. ಅತ್ತೆ ಜೊತೆಗೆ ಬರುತ್ತೇನೆಂದರು. "ನೀವ ಬರಬ್ಯಾಡ್ರಿ" ಅಂದೆ. ಹಾಗೆ ಅವರಿಗೆ ನಾನು ಅದುವರೆಗೆ ಒಮ್ಮೆಯೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್ ಸಲೈನ್ ಹಚ್ಚುತ್ತ ಏನು ತಿಂದಳೆಂದು ಕೇಳಿದಳು. ಹೇಳಿದೆ. ಕಹಿ ಹೀರೇಕಾಯಿ, ಕಹಿ ಸೋರೇಕಾಯಿ ಹೊಟ್ಟೆಗೆ ವಿಷವೇ, ದೊಡ್ಡವರನ್ನೂ ಮಲಗಿಸುತ್ತದೆ ಅಂದಳು. ಮಗು ಕಹಿ ಎಂದು ಹೇಳಲಿಲ್ಲವೇ ಎಂದು ಕೇಳಿದಳು.

"ಸಾಂಗಿತಲಂ" ಅಂದೆ. ಹೇಳಿದಳು.

"ಮಗ?" ಅಂದಳು. ಹಾಗಾದರೆ?

"ಮೀಚ ಖಾ ಮ್ಹಟಲಂ." ನಾನೇ ತಿನ್ನು ಅಂದೆ.

ಅವಳು ತಲೆ ಬಗ್ಗಿಸಿ ಸೂಜಿಯ ಮೇಲೆ ಪಟ್ಟಿ ಅಂಟಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಓಂಕಾರ್ ಸ್ವಾರಗೇಟದಿಂದ ನೆಟ್ಟಗೆ ಅಲ್ಲಿಗೇ ಬಂದರು, ಹೆಗಲ ಮೇಲೆ ಜೋಳದ ಚೀಲ. ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮಂಚದ ಪಕ್ಕ ಸ್ವಲ್ಪ ಹೊತ್ತು ಹೊತ್ತುಕೊಂಡೇ ನಿಂತಿದ್ದರು. ಮರುದಿನ ಮಧ್ಯಾಹ್ನ ಶರ್ವರಿ ಎದ್ದು ಕೂತು ಬಿಸ್ಕತ್ತು ಕೇಳಿದಳು. ಮನೆಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು.

ಮನೆಯಲ್ಲಿ ಬಚ್ಚಲು ಫಿನೈಲಿನಿಂದ ತೊಳೆದಿತ್ತು, ಅತ್ತೆಯ ಎರಡು ಸೀರೆ ಒಣಗುತ್ತಿದ್ದವು. ಅವರಿಗೂ ವಾಂತಿಯಾಗಿತ್ತು, ಇಡೀ ರಾತ್ರಿ ಒಬ್ಬರೇ ಎದ್ದು ಬಿದ್ದು ಮಾಡಿದ್ದಾರೆ. ಫೋನು ಮಾಡಿರಲಿಲ್ಲ. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಶರ್ವರಿಯನ್ನು ಕಂಡು ಕೈ ಚಾಚಿದರು. ಮಗು ಓಡಿ ಹೋಗಿ ಮಡಿಲಲ್ಲಿ ಕೂತಿತು, ಅದಕ್ಕೇನು ಗೊತ್ತು.

ಓಂಕಾರ್ ಚೀಲ ಇಳಿಸಿ ನಿಂತರು. "ಆಯಿ, ಕಾಯಿ ನೋಡಿದ್ದಿ ಇಲ್ಲೋ?"

"ನೋಡಿದ್ದೆ."

"ನೋಡಿದ್ರ ಕಹಿ ತಿಳೀಲಿಲ್ಲೇನ?"

ಓಂಕಾರ್ ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಂದರು. ಅವರು ಏನು ಮಾಡಲು ಹೊರಟಿದ್ದಾರೆಂದು ತಿಳಿದು ನಾನು, "ಬ್ಯಾಡ್ರಿ" ಅಂದೆ. ಕೇಳಲಿಲ್ಲ. "ಕಣ್ಣ ಮುಚ್ಚು" ಎಂದು ತಾಯಿಯ ಮೂಗಿನ ಹತ್ತಿರ ಮುಚ್ಚಳ ತೆಗೆದು ಹಿಡಿದರು. ಇಂಗು ನನ್ನ ಮೂಗಿಗೆ ಬಾಗಿಲ ತನಕ ಹೊಡೆಯಿತು. ಅತ್ತೆ ಕಣ್ಣು ಮುಚ್ಚಿ ಕೂತೇ ಇದ್ದರು.

"ಇದೇನು, ಹೇಳು."

"ಕಣ್ಣ ತಗದ್ರ ಹೇಳ್ತೀನಿ" ಅಂದರು.

ಓಂಕಾರ್ ಡಬ್ಬಿ ಮುಚ್ಚಿದರು. ಮುಚ್ಚಳ ಎರಡು ಸಲ ಜಾರಿತು.

ಆಮೇಲೆ ಅತ್ತೆ ತಾವೇ ಹೇಳಿದರು. ಆ ಜ್ವರದ ನಂತರ ರುಚಿಯೂ ವಾಸನೆಯೂ ಬರಲೇ ಇಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಆರು ತಿಂಗಳು ಕಾದರು. ಕಾಫಿ ಬಿಸಿನೀರು, ಅನ್ನ ಹತ್ತಿ. ಉಪ್ಪು ಉರಿದರೆ ಉಪ್ಪು ಎಂದು ತಿಳಿಯುತ್ತದೆ, ಅಷ್ಟೇ. ಸಾಸಿವೆ ಸಿಡಿಯುವುದು ಕಿವಿಗೆ ಕೇಳುತ್ತದೆ, ಬೇಳೆ ಕೆಂಪಾಗುವುದು ಕಣ್ಣಿಗೆ ಕಾಣುತ್ತದೆ, ಉಳಿದದ್ದು ಕೈಗೆ ಗೊತ್ತು. ಅದರಲ್ಲೇ ನಡೆಸಿದರು.

"ಯಾಕ ಹೇಳಲಿಲ್ರಿ ಅತ್ಯಾ?" ಅಂದೆ.

"ಹೇಳಿದ್ರ ಒಲಿ ಮುಂದ ನಿಂದ್ರಸ್ತಿದ್ರೇನ? ಈಗಂತೂ ಇವನ ಅರ್ಧ ಪಗಾರ, ನೀ ಮುಂಜಾನೆ ಹ್ವಾದ್ರ ಸಂಜೀಕ ಬರ್ತಿ. ಹೊರಗಿನ ಊಟದ ಡಬ್ಬಿ ಹಚ್ಚಬೇಕಾಗ್ತಿತ್ತು. ನಾನೂ ಮತ್ತೊಂದ ಬಾಯಿ ಆಗಿ ಕೂಡಬೇಕಾಗ್ತಿತ್ತು." ಸ್ವಲ್ಪ ತಡೆದು ಹೇಳಿದರು: "ನಿನ್ನಿ ಕೂಸು ಕಹಿ ಅಂದಾಗ ನನಗ ಎದಿ ಧಸಕ್ ಅಂತು. ಆದ್ರೂ ಅಂದೆ, ನೋಡೇ ಹಾಕೀನಿ ಅಂತ. ಅದೊಂದ ಮಾತು..." ಶರ್ವರಿಯ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದರು.

"ಇನ್ನ ನೀ ಗ್ಯಾಸ್ ಮುಂದ ನಿಂದ್ರೂದು ಬ್ಯಾಡ" ಅಂದರು ಓಂಕಾರ್. ಅತ್ತೆ ಹೂಂ ಅಂದರು. ಅಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ.

ಮೂಗಿನ ಡಾಕ್ಟರಿಗೆ ತೋರಿಸಿದೆವು. ಮೂರು ವರ್ಷವಾಗಿದೆ, ಬಂದರೆ ಬರಬಹುದು, ನಂಬಿ ಕೂರಬೇಡಿ ಅಂದರು.

ಮುಂದಿನ ಎರಡು ವಾರ ಅಡುಗೆ ನಾನು ಮಾಡಿದೆ. ಐದಕ್ಕೆ ಏಳುತ್ತಿದ್ದೆ, ಆದರೂ ಅಂಗಡಿಗೆ ತಡವಾಗುತ್ತಿತ್ತು. ಎರಡು ದಿನ ಹೊರಗಿನ ಡಬ್ಬಿ ತರಿಸಿದೆವು. ಎಣ್ಣೆ ತೇಲುವ ಆಲೂಗಡ್ಡೆ, ರಬ್ಬರಿನಂಥ ಚಪಾತಿ. ಇಪ್ಪತ್ತನೇ ತಾರೀಖಿಗೇ ಎಣ್ಣೆ, ಬೇಳೆ ತಳ ಕಂಡವು. ನನ್ನ ಕೈಯಲ್ಲಿ ಒಂದು ಹಿಡಿ ಬೇಳೆ ಒಂದು ಹೊತ್ತಿಗೆ ಮುಗಿಯುತ್ತದೆ, ಅತ್ತೆಯ ಕೈಯಲ್ಲಿ ಎರಡು ಹೊತ್ತಿಗೆ ಬರುತ್ತಿತ್ತು. ಎಲ್ಲವೂ ವಹಿಯಲ್ಲಿದೆ, ನನ್ನ ಅಕ್ಷರದಲ್ಲೇ ಇದೆ, ಆದರೂ ಬರುವುದಿಲ್ಲ.

ಅತ್ತೆ ಬಾಲ್ಕನಿಯಲ್ಲಿ ಕೂತಿರುತ್ತಿದ್ದರು. ನಾನು ಒಳಗೆ ಏನನ್ನಾದರೂ ಸೀಯಿಸಿದರೆ ಅವರಿಗೆ ವಾಸನೆ ಬರುವುದಿಲ್ಲ, ಹೊಗೆ ಕಂಡರಷ್ಟೇ ತಿರುಗುತ್ತಿದ್ದರು. ತಿರುಗಿ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು. ಬಡಿಸಿದ್ದನ್ನು ಬಡಿಸಿದಷ್ಟು ಉಂಡು ಎದ್ದು ಹೋಗುತ್ತಿದ್ದರು. ಎರಡನೇ ವಾರ ಅವರ ಕುಪ್ಪಸದ ತೋಳು ಸಡಿಲವಾದದ್ದು ಕಂಡಿತು. ನೆರೆಯವರು, "ಅಜ್ಜಿಗೆ ಸುಖ ಬಂತು, ಸೊಸಿ ಮಾಡಿ ಹಾಕ್ತಾಳ" ಅಂದರು. ಅತ್ತೆ ನಕ್ಕರು. ಆ ನಗೆ ನೋಡಲಾಗಲಿಲ್ಲ.

ನನಗೆ ಅವರ ಮೇಲೆ ಸಿಟ್ಟು ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಲೈನ್ ಹಚ್ಚಿದ ಆ ಪುಟ್ಟ ಕೈ ಕಣ್ಣಿಗೆ ಕಟ್ಟಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಆದರೆ ಹಿಂದೆಯೇ ಇನ್ನೊಂದು ಮಾತು ಬರುತ್ತಿತ್ತು: ಅವರ ನಾಲಿಗೆ ಸತ್ತಿತ್ತು, ನನ್ನದು ಇತ್ತಲ್ಲ. ತುದಿ ಕತ್ತರಿಸಿದಾಗ ನಾನು ಪಕ್ಕದಲ್ಲಿದ್ದೆ. ಮಗು ಎರಡು ಸಲ ಹೇಳಿದಾಗ ಒಂದು ಬೆರಳು ಅದ್ದಿ ನೋಡಲು ನನಗೆ ಎರಡು ಹೆಜ್ಜೆ ಸಾಕಿತ್ತು.

ಹದಿಮೂರನೇ ದಿನ ಬಾಲ್ಕನಿಗೆ ಹೋಗಿ ಅವರ ಪಕ್ಕ ಕೂತೆ. "ಅತ್ಯಾ, ಮುಂಜಾನೆ ನಾ ಇರ್ತೀನಲ್ಲ, ಆವಾಗ ನೀವ ಮಾಡ್ರಿ. ನಾ ಬಾಯಾಗ ಹಾಕ್ಕೊಂಡು ನೋಡ್ತೀನಿ. ನಾ ಹೊಂಟಾಗ ಸಿಲಿಂಡರ್ ಬಂದ್ ಮಾಡಿ ಹೋಗ್ತೀನಿ."

"ನೋಡೂದಂದ್ರ, ಯಾವಾಗ?"

"ಒಲಿ ಮ್ಯಾಲ ಇದ್ದಾಗನ."

"ನೈವೇದ್ಯದ ಮೊದಲು?"

"ಹೌದ್ರಿ. ಆಮ್ಯಾಲ ನೋಡಿದ್ರ ಏನ ಉಪಯೋಗ?"

ಅತ್ತೆ ನನ್ನತ್ತ ತಿರುಗಿದರು. "ಎಂಜಲಾ ಮಾಡಿ ದೇವರ ಮುಂದ ಇಡ್ತೀಯೇನ? ನಾ ಕೂತಿರ್ತೀನಿ ತಗೋ ಇಲ್ಲೇ. ನನಗೇನ ಆಗೇದ." ಎದ್ದು ಒಳಗೆ ಹೋಗಿಬಿಟ್ಟರು. ಓಂಕಾರರಿಗೆ ಹೇಳಿದಾಗ ಅವರು, "ಬಿಡು, ಆಕೀ ಇದನ್ನ ಬಿಡಾಕಿ ಅಲ್ಲ" ಅಂದರು. ನಾನೂ ಬಿಟ್ಟೆ.

ಎರಡು ದಿನದ ಮೇಲೆ, ಬೆಳಿಗ್ಗೆ ಆರಕ್ಕೆ, ನಾನು ಬೇಳೆ ತೊಳೆಯುತ್ತಿದ್ದಾಗ ದೇವರ ಗಂಟೆ ಕೇಳಿತು. ಅಡುಗೆಗೆ ಮೊದಲೇ ಗಂಟೆ ಬಾರಿಸಿದ್ದನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ. ಹೊರಗೆ ಬಂದು ನೋಡಿದೆ. ದೇವರ ಮುಂದೆ ಒಂದು ಸಣ್ಣ ಬಟ್ಟಲು ಹಾಲು, ಮೇಲೆ ನಾಲ್ಕು ಹರಳು ಸಕ್ಕರೆ. ಅಷ್ಟೇ. ಅತ್ತೆ ಕೈಮುಗಿದು ನಿಂತಿದ್ದರು, ತುಟಿ ಅಲುಗುತ್ತಿರಲಿಲ್ಲ. ಛಾಪಖಾನೆ ಮುಚ್ಚಿದ ತಿಂಗಳುಗಳಲ್ಲೂ ಅವರ ದೇವರಿಗೆ ಬೇಯಿಸಿದ ಅನ್ನ ತಪ್ಪಿರಲಿಲ್ಲ.

ಅಡುಗೆಮನೆಗೆ ಬಂದು ಸೆರಗು ಸಿಕ್ಕಿಸಿಕೊಂಡರು. "ದೇವರದು ಹಾಲು ಸಕ್ಕರಿಯೊಳಗ ಆತು" ಅಂದರು. "ಇನ್ನ ನಡೀತದ. ನೀ ಎಲ್ಲಾ ನೋಡಬಹುದು." ಬೇಳೆಯ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಾನು ಹಾಕಿದ್ದರಲ್ಲಿ ಅರ್ಧ ಹಿಡಿಯನ್ನು ಡಬ್ಬಿಗೆ ಹಿಂದಕ್ಕೆ ಸುರಿದರು.

ಅಲ್ಲಿಂದೀಚೆಗೆ ಹೀಗೇ ನಡೆದಿದೆ. ಒಂಬತ್ತೂವರೆಗೆ ನಾನು ಸಿಲಿಂಡರಿನ ಗುಂಡಿ ತಿರುಗಿಸಿ, ಅವರ ಕಣ್ಣ ಮುಂದೆಯೇ ತಿರುಗಿಸಿ, ಹೊರಡುತ್ತೇನೆ. ಮಧ್ಯಾಹ್ನ ಅವರು ಮತ್ತು ಶರ್ವರಿ ಆರಿದ್ದನ್ನು ಉಣ್ಣುತ್ತಾರೆ. ಬೇಳೆ ಮತ್ತೆ ತಿಂಗಳ ಕೊನೆಯವರೆಗೆ ಬರುತ್ತಿದೆ. ಓಂಕಾರ್ ಏನೂ ಹೇಳಿಲ್ಲ, ಎರಡನೇ ಭಕ್ಕರಿ ಕೇಳುತ್ತಿದ್ದಾರೆ. ಆದರೆ ಅತ್ತೆ ಈಗ ಒಗ್ಗರಣೆ ಹಾಕುವಾಗ ಮೊದಲಿನಂತೆ ದೇವರ ಪದ ಹಾಡುವುದಿಲ್ಲ, ನನ್ನ ಬೆಳಗಾವಿಯನ್ನು ಆಡಿಕೊಳ್ಳುವುದೂ ಇಲ್ಲ.

ಇವತ್ತು ಬೆಳಿಗ್ಗೆ ಸಾರು ಕುದಿದ ಮೇಲೆ ಸೌಟಿನಲ್ಲಿ ಸ್ವಲ್ಪ ತೆಗೆದು, ಊದಿ ಆರಿಸಿ, ನನ್ನ ಅಂಗೈಗೆ ಹಾಕಿದರು. ನಾನು ನೆಕ್ಕಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಫಲಿತಾಂಶದ ಬೋರ್ಡಿನ ಮುಂದೆ ನಿಂತವರ ಹಾಗೆ. ಉಪ್ಪು ಹೆಚ್ಚಾಗಿತ್ತು. ಛಲೋ ಆಗೇದ ಎಂದು ಬಾಯಿಗೆ ಬಂತು. ನುಂಗಿಕೊಂಡೆ.

"ಉಪ್ಪು ಮುಂದಾಗೇದ್ರಿ ಅತ್ಯಾ."

"ಭಾಳ?"

"ಸ್ವಲ್ಪ."

ತಲೆಯಾಡಿಸಿದರು. ಪಕ್ಕದ ಒಲೆಯಿಂದ ಬಿಸಿನೀರು ತೆಗೆದು ಒಂದು ಸೌಟು ಹಾಕಿದರು, ಕೈ ತಡೆದು ಇನ್ನರ್ಧ ಹಾಕಿದರು. ಕುದಿ ಬರುವ ತನಕ ಇಬ್ಬರೂ ಕಾದೆವು. ಮತ್ತೆ ತೆಗೆದರು, ಮತ್ತೆ ಊದಿದರು. ನಾನು ಅಂಗೈ ಚಾಚಿದೆ.

"ಈಗ?" ಅಂದರು.